ಒಂದು ಬಟ್ಟಲು ಎಣ್ಣೆ



ಮಠಾಧಿಪತಿಗಳಾದವರು ತಮ್ಮ ದೇಹದ ಬೇನೆಯನ್ನು ಪತ್ರಿಕೆಯ ಪುಟಗಳಲ್ಲಿ ತೋಡಿಕೊಳ್ಳುವುದು ಅಷ್ಟೇನೂ ಶೋಭಿಸುವ ಕಾರ್ಯವಲ್ಲವೆಂಬುದನ್ನು ನಾವು ಬಲ್ಲೆವು. ಭಕ್ತರು ತಮ್ಮ ಕಷ್ಟಗಳನ್ನು ಹೇಳಿಕೊಳ್ಳಲು ಮಠಕ್ಕೆ ಬರುವರೇ ಹೊರತು ಮಠದವರ ಕಷ್ಟಗಳನ್ನು ಕೇಳಲು ಬರುವುದಿಲ್ಲ. ಆದರೂ ಈ ಸಂಚಿಕೆಯಲ್ಲಿ ನಮ್ಮ ಎಡಗಾಲಿನ ವಿಷಯವನ್ನೇ ಬರೆಯಲು ಕುಳಿತಿದ್ದೇವೆ. ಇದಕ್ಕೆ ಕಾರಣಗಳು ಎರಡು. ನಮಗೆ ಒದಗಿದ ಅಪಾಯವು ನಿಮ್ಮಲ್ಲಿ ಯಾರ ಮನೆಯ ಹಿರಿಯರಿಗಾದರೂ ನಾಳೆಯೇ ಒದಗಬಹುದಾದದ್ದು. ಅದನ್ನು ಮುಂಚಿತವಾಗಿ ಗುರುತಿಸುವ ಬಗೆಯನ್ನು ತಿಳಿಸುವುದು ನಮ್ಮ ಕರ್ತವ್ಯ. ಎರಡನೆಯದು, ಮೂರು ದಶಕಗಳ ಹಿಂದೆ ನಾವು ಅರಿಯದೆ ಮಾಡಿದ ಒಂದು ಸೇವೆಯ ಲೆಕ್ಕವು ನಮ್ಮ ಮನಸ್ಸಿನಲ್ಲಿ ಈಗ ತೆರೆದುಕೊಂಡಿದೆ. ಅದನ್ನು ನಿಮ್ಮ ಮುಂದೆ ಇಡದೆ ಮುಚ್ಚಿಡುವುದು ನ್ಯಾಯವೆನಿಸಲಿಲ್ಲ.

2024ರ ಡಿಸೆಂಬರ್ ತಿಂಗಳ ಆರಂಭದಲ್ಲಿ ಮಠದ ಕಲ್ಯಾಣಿಯ ಮೆಟ್ಟಿಲಿನಲ್ಲಿ ನಮ್ಮ ಕಾಲು ಜಾರಿತು. ಎಡಗಾಲಿನ ಹರಡಿನ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡುಬಂದು, ವೈದ್ಯರು ಮೊಣಕಾಲಿನ ಕೆಳಗೆ ನಾಲ್ಕು ವಾರಗಳ ಕಾಲ ಪ್ಲಾಸ್ಟರ್ ಹಾಕಿದರು. ಜನವರಿಯಲ್ಲಿ ಅದನ್ನು ತೆಗೆದರು. ಅದಾದ ಕೆಲವೇ ದಿನಗಳಲ್ಲಿ ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಗೆಂದು ಸೊಲ್ಲಾಪುರಕ್ಕೆ ಹೋದೆವು. ಹಿಂದಿರುಗುವಾಗ ಹತ್ತು ಗಂಟೆಗೂ ಮೀರಿದ ಕಾರಿನ ಪ್ರಯಾಣ. ಪೂಜೆಯ ಹೊತ್ತಿಗೆ ಮಠವನ್ನು ಸೇರಬೇಕೆಂಬ ಆತುರದಿಂದ ದಾರಿಯಲ್ಲಿ ಒಮ್ಮೆ ಮಾತ್ರ ಕೆಳಗಿಳಿದೆವು. ಬಂದ ಎರಡನೆಯ ದಿನ ಎಡ ಮೀನಖಂಡದಲ್ಲಿ ಸೆಳೆತ ಕಾಣಿಸಿಕೊಂಡಿತು. ಮರುದಿನ ಬಾವು ಬಂದಿತು. ಪ್ಲಾಸ್ಟರ್ ಬಿಚ್ಚಿದ ಕಾಲಿಗೆ ಇದು ಸಹಜವೆಂದೇ ನಾವು ತಿಳಿದೆವು. ನಮ್ಮ ಬಳಿ ಅಧ್ಯಯನ ಮಾಡುತ್ತಿರುವ ಮರಿಯೊಬ್ಬನು ಪ್ರತಿರಾತ್ರಿ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿಕೊಂಡು ಬಂದು, ನಾವು ಬೇಡವೆಂದರೂ ಕೇಳದೆ, ಹಿಮ್ಮಡಿಯಿಂದ ಮೊಣಕಾಲಿನವರೆಗೆ ಚೆನ್ನಾಗಿ ತಿಕ್ಕಿ ನೀವುತ್ತಿದ್ದನು. ಹೀಗೆ ಐದು ರಾತ್ರಿಗಳು ಕಳೆದವು.

ಆ ವಾರ ಬೆಂಗಳೂರಿನ ಇಂದಿರಾನಗರದಲ್ಲಿ ಒಂದು ಪಾದಪೂಜೆಗೆ ನಾವು ಒಪ್ಪಿಕೊಂಡಿದ್ದೆವು. ಆ ಮನೆಯ ಯಜಮಾನನು ನಮ್ಮ ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿದವನು. ಬೆಳಗಿನ ನಾಲ್ಕೂವರೆಗೆ ಎದ್ದು ನೀರು ಸೇದಿ, ದಾಸೋಹದಲ್ಲಿ ಎಲೆ ಹಾಸಿ, ಅನಂತರ ಪುಸ್ತಕ ಹಿಡಿದವನು. ಇಂದು ರಕ್ತನಾಳಗಳ ಶಸ್ತ್ರಚಿಕಿತ್ಸೆಯಲ್ಲಿ ಪರಿಣತನಾದ ವೈದ್ಯ. ಅವನ ಹೆಸರನ್ನು ಬರೆಯಬಾರದೆಂದು ಅವನೇ ಕೇಳಿಕೊಂಡಿರುವುದರಿಂದ ಬರೆಯುತ್ತಿಲ್ಲ. ನೂರಡಿ ರಸ್ತೆಯ ಗದ್ದಲದಿಂದ ಎರಡು ಅಡ್ಡರಸ್ತೆ ಒಳಗೆ, ಹೊಂಗೆಯ ಮರದ ನೆರಳಿನಲ್ಲಿ ಅವನ ಮನೆ. ಮಣೆ ಹಾಕಿ, ತಟ್ಟೆಯಲ್ಲಿ ನಮ್ಮ ಪಾದಗಳನ್ನಿರಿಸಿ, ನೀರೆರೆದು, ವಿಭೂತಿ ಧರಿಸಲು ಬಾಗಿದವನ ಕೈ ಎಡಗಾಲಿನ ಮೇಲೆ ಇದ್ದಕ್ಕಿದ್ದಂತೆ ನಿಂತಿತು. ಒಂದು ಕ್ಷಣ ಎರಡೂ ಕಾಲುಗಳನ್ನು ನೋಡಿದನು. ಹೆಬ್ಬೆರಳಿನಿಂದ ಮೀನಖಂಡದ ಕೆಳಭಾಗವನ್ನು ಮೆಲ್ಲನೆ ಒತ್ತಿದನು. ಬೆರಳು ತೆಗೆದ ಮೇಲೂ ಅಲ್ಲಿ ಗುಳಿ ಹಾಗೆಯೇ ಉಳಿಯಿತು.

"ಬುದ್ಧಿ, ಇದು ಎಷ್ಟು ದಿವಸದಿಂದ ಹೀಗಿದೆ?" ಎಂದು ಕೇಳಿದನು.

ನಾವು ಹೇಳಿದೆವು. ಅವನು ಪೂಜೆಯನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ. ಆದರೆ ಇಷ್ಟು ಬೇಗ ಮುಗಿದ ಪಾದಪೂಜೆಯನ್ನು ನಾವು ಹಿಂದೆಂದೂ ಕಂಡಿರಲಿಲ್ಲ. "ಬುದ್ಧಿ, ಪ್ರಸಾದವನ್ನು ಬಂದಮೇಲೆ ಸ್ವೀಕರಿಸಬೇಕು. ಈಗಲೇ ಹೊರಡಬೇಕು" ಎಂದು ತಾನೇ ಕಾರಿನ ಬಾಗಿಲು ತೆರೆದನು. ಅರ್ಧಗಂಟೆಯೊಳಗಾಗಿ ಅದೇ ಬಡಾವಣೆಯ ಒಂದು ಸ್ಕ್ಯಾನಿಂಗ್ ಕೇಂದ್ರದ ಮಂಚದ ಮೇಲೆ ಮಲಗಿದ್ದೆವು. ಗರ್ಭಸ್ಥ ಶಿಶುವಿನ ಲಿಂಗವನ್ನು ಇಲ್ಲಿ ತಿಳಿಸುವುದಿಲ್ಲವೆಂಬ ಫಲಕವು ಗೋಡೆಯ ಮೇಲೆ ತೂಗುತ್ತಿದ್ದಿತು. ಪರೀಕ್ಷಿಸಿದ ವೈದ್ಯೆಯು ಮೊದಲು ಬಲಗಾಲಿಗೆ ತಣ್ಣನೆಯ ಲೇಪವನ್ನು ಸವರಿ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಪಕರಣವನ್ನು ಅದರ ಮೇಲಿಟ್ಟರು. ಯಂತ್ರದಿಂದ ಒಂದು ಶಬ್ದ ಕೇಳಿಸಿತು. ಅಡಕೆಯ ತೋಟದಲ್ಲಿ ಗಾಳಿ ಬೀಸಿ ನಿಂತು, ಮತ್ತೆ ಬೀಸಿದಂತೆ. ಅದು ನಮ್ಮದೇ ರಕ್ತದ ಹರಿವು. ಅನಂತರ ಎಡಗಾಲು. ಮೊಣಕಾಲಿನ ಹಿಂಭಾಗಕ್ಕೆ ಬಂದಾಗ ಆ ಗಾಳಿಯ ಶಬ್ದವು ಇಲ್ಲವಾಯಿತು. ಆ ಮೌನವು ತೊಡೆಯ ಅರ್ಧದವರೆಗೂ ಮುಂದುವರಿಯಿತು.

ಇಲ್ಲಿ ವಿಷಯವನ್ನು ಸ್ವಲ್ಪ ವಿಶದಪಡಿಸುವುದು ಅವಶ್ಯ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವಂತೆ ರಕ್ತವೂ ಗಟ್ಟಿಯಾಗಬಲ್ಲದು. ಆದುದರಿಂದಲೇ ನಮ್ಮ ಭಾಷೆಯಲ್ಲಿ ಎರಡಕ್ಕೂ ಹೆಪ್ಪುಗಟ್ಟುವುದೆಂಬ ಒಂದೇ ಮಾತು ಬಂದಿದೆ. ಗಾಯವಾದಾಗ ರಕ್ತಕ್ಕೆ ಈ ಗುಣವಿಲ್ಲದಿದ್ದರೆ ಮನುಷ್ಯನು ಬದುಕಲಾರ. ಆದರೆ ಗಾಯವಿಲ್ಲದ ನಾಳದೊಳಗೆ ಅದು ಹೆಪ್ಪುಗಟ್ಟಿದರೆ ಕಾಪಾಡುವ ಗುಣವೇ ಕೊಲ್ಲುವ ಗುಣವಾಗುವುದು. ಕಾಲಿನಿಂದ ಹೃದಯಕ್ಕೆ ರಕ್ತವನ್ನು ಹಿಂದಕ್ಕೆ ಒಯ್ಯುವ ಆಳದ ಅಭಿಧಮನಿಗಳಲ್ಲಿ ಹರಿವು ಮೊದಲೇ ನಿಧಾನ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತವೆ. ಕಾಲು ಅಲುಗಾಡದೆ ಇದ್ದರೆ ರಕ್ತವು ಅಲ್ಲಿಯೇ ಮಡುಗಟ್ಟುವುದು. 19ನೆಯ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಷೋ ಅವರು, ಹೀಗೆ ಹುಟ್ಟಿದ ಹೆಪ್ಪಿನ ತುಣುಕು ಕಳಚಿಕೊಂಡು, ಹೃದಯವನ್ನು ದಾಟಿ, ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುವುದನ್ನು ತೋರಿಸಿಕೊಟ್ಟರು. ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತದಲ್ಲಿಯೇ ಹೆಪ್ಪುಗಟ್ಟುವ ಒಲವು ಹೆಚ್ಚುವುದು, ಈ ಮೂರು ಕಾರಣಗಳನ್ನು ವೈದ್ಯರು ಇಂದಿಗೂ ಅವರ ಹೆಸರಿನಲ್ಲಿಯೇ ಹೇಳುತ್ತಾರೆ. ಮೂಳೆ ಮುರಿತ, ನಾಲ್ಕು ವಾರಗಳ ಪ್ಲಾಸ್ಟರ್, ದೀರ್ಘ ಪ್ರಯಾಣ: ಈ ಕಾರಣಗಳನ್ನು ಒಟ್ಟುಗೂಡಿಸಲು ನಾವು ಯಾವ ಕೊರತೆಯನ್ನೂ ಉಳಿಸಿರಲಿಲ್ಲ.

ಆ ಯಂತ್ರದ ಕೆಲಸವೂ ಸರಳವಾದುದೇ. ಮನುಷ್ಯನ ಕಿವಿಯು ಕ್ಷಣಕ್ಕೆ ಸುಮಾರು 20,000 ಕಂಪನಗಳವರೆಗಿನ ಶಬ್ದವನ್ನು ಮಾತ್ರ ಕೇಳಬಲ್ಲದು. ಅಲ್ಟ್ರಾಸೌಂಡ್ ಎಂಬ ಶ್ರವಣಾತೀತ ಧ್ವನಿಯಲ್ಲಿ ಕ್ಷಣಕ್ಕೆ ದಶಲಕ್ಷಗಟ್ಟಲೆ ಕಂಪನಗಳು. ಅದು ದೇಹದೊಳಗಿನ ಅಂಗಗಳಿಗೆ ತಾಕಿ ಮರಳುವ ಪ್ರತಿಧ್ವನಿಯಿಂದ ಚಿತ್ರವು ಮೂಡುವುದು. ಚಲಿಸುವ ವಸ್ತುವಿನಿಂದ ಬರುವ ಅಲೆಯ ಕಂಪನವು ಬದಲಾಗುವುದೆಂದು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಅವರು ಹೇಳಿದ ತತ್ತ್ವವೇ ರಕ್ತದ ಹರಿವನ್ನು ಕೇಳಿಸುವುದು. ಹೆಪ್ಪನ್ನು ಗುರುತಿಸಲು ಇನ್ನೂ ಸುಲಭವಾದ ಉಪಾಯವಿದೆ. ಉಪಕರಣದಿಂದ ಮೆಲ್ಲನೆ ಒತ್ತಿದಾಗ ಆರೋಗ್ಯವಂತ ಅಭಿಧಮನಿಯು ಬಟ್ಟೆಯ ಕೊಳವೆಯಂತೆ ಮುಚ್ಚಿಕೊಳ್ಳಬೇಕು. ಒಳಗೆ ಹೆಪ್ಪಿದ್ದರೆ ಮುಚ್ಚಿಕೊಳ್ಳುವುದಿಲ್ಲ. ನಮ್ಮದು ಮುಚ್ಚಿಕೊಳ್ಳಲಿಲ್ಲ.

ಸುದ್ದಿಯು ಹೊರಗೆ ಕುಳಿತಿದ್ದ ಭಕ್ತರಿಗೆ ಹೇಗೋ ತಿಳಿಯಿತು. ಸಾಯಂಕಾಲದೊಳಗಾಗಿ ಆ ವೈದ್ಯನ ಹಜಾರವು ತುಂಬಿಹೋಯಿತು. ಅವರಲ್ಲಿ ಕೆಲವರು ತಂತ್ರಜ್ಞಾನದ ಉದ್ಯಮಗಳಲ್ಲಿ ದೊಡ್ಡ ಹುದ್ದೆಯಲ್ಲಿರುವವರು. ಲೇಸರ್ ಮತ್ತು ಅಲ್ಟ್ರಾಸೌಂಡ್‌ಗಳನ್ನು ಕೂಡಿಸಿ ರಕ್ತದ ಹೆಪ್ಪನ್ನು ಪುಡಿಮಾಡುವ ಹೊಸ ವಿಧಾನವೊಂದು ಅಮೆರಿಕದಲ್ಲಿ ಬಂದಿದೆಯೆಂದು ಒಬ್ಬರು ತಮ್ಮ ಫೋನಿನಲ್ಲಿ ತೋರಿಸಿದರು. "ಬುದ್ಧಿಯವರನ್ನು ಅಲ್ಲಿಗೇ ಕರೆದೊಯ್ಯೋಣ, ಖರ್ಚಿನ ಮಾತು ಬೇಡ" ಎಂದರು ಇನ್ನೊಬ್ಬರು. ಇಲ್ಲಿಯೇ ಪಕ್ಕದ ರಸ್ತೆಯಲ್ಲಿ ಲೇಸರ್ ಚಿಕಿತ್ಸೆಯ ಫಲಕವನ್ನು ನೋಡಿದ್ದೇನೆಂದು ಮೂರನೆಯವರ ಮಾತು. ಸತ್ಯವನ್ನು ಹೇಳಬೇಕೆಂದರೆ ನಮ್ಮ ಮನಸ್ಸೂ ಆ ಕಡೆಗೆ ವಾಲಿತ್ತು. ಭೌತಶಾಸ್ತ್ರವನ್ನು ವಿಶ್ವವಿದ್ಯಾನಿಲಯದಲ್ಲಿ ಅಭ್ಯಾಸಮಾಡಿದ ಮೇಲೆಯೇ ನಾವು ಸಂಸ್ಕೃತಕ್ಕೆ ಬಂದವರು. ಬೆಳಕೂ ಧ್ವನಿಯೂ ಕೂಡಿ ರೋಗವನ್ನು ಕಳೆಯುವುದೆಂದರೆ ಕೇಳುವುದಕ್ಕೇ ಎಷ್ಟು ಸೊಗಸು!

ಬೆಳಕು ಮತ್ತು ಶ್ರವಣಾತೀತ ಧ್ವನಿಗಳ ಸಂಯೋಗವು ಬೆಂಗಳೂರಿಗೆ ಹೊಸತೂ ಅಲ್ಲ. 1935 ಮತ್ತು 1936ರಲ್ಲಿ ಇದೇ ನಗರದ ಭಾರತೀಯ ವಿಜ್ಞಾನ ಮಂದಿರದಲ್ಲಿ ಸರ್ ಸಿ. ವಿ. ರಾಮನ್ ಅವರೂ ಎನ್. ಎಸ್. ನಾಗೇಂದ್ರನಾಥ್ ಅವರೂ ಕೂಡಿ, ಇಂತಹ ಧ್ವನಿಯು ಸಂಚರಿಸುತ್ತಿರುವ ದ್ರವದ ಮೂಲಕ ಬೆಳಕನ್ನು ಹಾಯಿಸಿದರೆ ಅದು ಏಕೆ ಹಲವು ಕವಲುಗಳಾಗಿ ಒಡೆಯುವುದೆಂಬುದನ್ನು ಗಣಿತದಿಂದ ವಿವರಿಸಿದರು. ರಾಮನ್–ನಾಥ್ ಸಿದ್ಧಾಂತವೆಂದು ಅದು ಲೋಕಪ್ರಸಿದ್ಧವಾಗಿದೆ. ಆಗ ಲೇಸರ್ ಹುಟ್ಟಿರಲಿಲ್ಲ; ಮೊದಲ ಲೇಸರನ್ನು ಥಿಯೋಡೋರ್ ಮೇಮನ್ ಅವರು ಬೆಳಗಿಸಿದ್ದು 1960ರಲ್ಲಿ. ಈ ಮಾತನ್ನು ನಾವು ಆ ಸಭೆಯಲ್ಲಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆವೆಂದು ತೋರುತ್ತದೆ. ನಮ್ಮ ಹಳೆಯ ವಿದ್ಯಾರ್ಥಿಯು ಕೈಮುಗಿದು ಕೇಳಿಸಿಕೊಂಡು, ಅನಂತರ ಒಂದೊಂದಾಗಿ ಬಿಡಿಸಿ ಹೇಳತೊಡಗಿದನು. ಅವನು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಇಲ್ಲಿ ಬರೆಯುತ್ತೇವೆ. ನಿಮ್ಮಲ್ಲಿ ಅನೇಕರಿಗೆ ಇದು ಪ್ರಯೋಜನಕ್ಕೆ ಬಂದೀತು.

ಮೊದಲನೆಯದಾಗಿ, ರಸ್ತೆಯ ಫಲಕಗಳಲ್ಲಿ ಕಾಣುವ ಲೇಸರ್ ಚಿಕಿತ್ಸೆಯು ಸಾಮಾನ್ಯವಾಗಿ ವೆರಿಕೋಸ್ ವೇನ್ ಎಂಬ ರೋಗಕ್ಕೆ, ಎಂದರೆ ಹಳ್ಳಿಯಲ್ಲಿ ಉಬ್ಬಿದ ನರವೆಂದು ಕರೆಯುವ, ಚರ್ಮದಡಿಯ ಸುರುಳಿಗಟ್ಟಿದ ಅಭಿಧಮನಿಗಳಿಗೆ ಸಂಬಂಧಿಸಿದ್ದು. ಅಲ್ಟ್ರಾಸೌಂಡಿನಲ್ಲಿ ನೋಡುತ್ತಾ ಕೆಟ್ಟ ನಾಳದೊಳಕ್ಕೆ ಕೂದಲಿನಂತಹ ಗಾಜಿನ ತಂತುವನ್ನು ತೂರಿಸಿ, ಲೇಸರಿನ ಶಾಖದಿಂದ ಆ ನಾಳವನ್ನು ಮುಚ್ಚಿಬಿಡುತ್ತಾರೆ. ಅಲ್ಲಿ ಉದ್ದೇಶವು ನಾಳವನ್ನು ಮುಚ್ಚುವುದು; ನಮಗಾದರೋ ಮುಚ್ಚಿಹೋದ ನಾಳವು ತೆರೆಯಬೇಕಾಗಿದೆ. ಹೆಸರು ಒಂದೇ ಆದ ಮಾತ್ರಕ್ಕೆ ಮದ್ದು ಒಂದೇ ಆಗುವುದಿಲ್ಲ.

ಎರಡನೆಯದಾಗಿ, ಅಲ್ಟ್ರಾಸೌಂಡಿನಿಂದ ಹೆಪ್ಪನ್ನು ಸಡಿಲಿಸುವ ವಿಧಾನವೊಂದು ಈಗಾಗಲೇ ಬಳಕೆಯಲ್ಲಿದೆ. ತೆಳುವಾದ ನಳಿಕೆಯನ್ನು ಹೆಪ್ಪಿನೊಳಕ್ಕೇ ತೂರಿಸಿ, ಅದರ ಮೂಲಕ ಹೆಪ್ಪನ್ನು ಕರಗಿಸುವ ಔಷಧವನ್ನು ಹನಿಹನಿಯಾಗಿ ಬಿಡುತ್ತಾ, ಅದೇ ನಳಿಕೆಯಿಂದ ಶ್ರವಣಾತೀತ ಧ್ವನಿಯನ್ನೂ ಹೊರಡಿಸುತ್ತಾರೆ. ಹೆಪ್ಪು ಎಂಬುದು ಫೈಬ್ರಿನ್ ಎಂಬ ನೂಲಿನ ಬಲೆ. ಧ್ವನಿಯು ಆ ನೂಲುಗಳನ್ನು ಸಡಿಲಿಸಿದರೆ ಔಷಧವು ಒಳಗೆ ಬೇಗ ಇಳಿಯುವುದು. ಶ್ವಾಸಕೋಶಕ್ಕೆ ಹೆಪ್ಪು ಏರಿ ಹೃದಯದ ಬಲಭಾಗವು ಬಳಲಿದ 59 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹೀಗೆ ಚಿಕಿತ್ಸೆ ಪಡೆದವರ ಹೃದಯವು ಒಂದು ದಿನದೊಳಗೆ ಹೆಚ್ಚು ಚೇತರಿಸಿಕೊಂಡದ್ದು ಕಂಡುಬಂದಿತು. ಆದರೆ ಕಾಲಿನ ಹೆಪ್ಪಿನ ವಿಷಯದಲ್ಲಿ ಫಲಿತಾಂಶವು ಬೇರೆ. 2017ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 692 ರೋಗಿಗಳಿದ್ದರು. ನಳಿಕೆಯ ಮೂಲಕ ಹೆಪ್ಪನ್ನು ಕರಗಿಸಿ ತೆಗೆದವರಲ್ಲಿ ನೂರಕ್ಕೆ 47 ಮಂದಿಗೂ, ಬರಿಯ ಔಷಧ ಪಡೆದವರಲ್ಲಿ ನೂರಕ್ಕೆ 48 ಮಂದಿಗೂ ಕಾಲಿನ ನೋವು ಬಾವುಗಳು ಉಳಿದುಕೊಂಡವು. ಮೊದಲ ಹತ್ತು ದಿನಗಳಲ್ಲಿ ತೀವ್ರ ರಕ್ತಸ್ರಾವವು ಮಾತ್ರ ಮೊದಲನೆಯ ಗುಂಪಿನಲ್ಲಿ ಹೆಚ್ಚಾಗಿತ್ತು. ಅಲ್ಟ್ರಾಸೌಂಡ್ ನಳಿಕೆಯನ್ನೇ ಬಳಸಿದ ನೆದರ್‌ಲ್ಯಾಂಡ್ಸ್ ದೇಶದ ಪರೀಕ್ಷೆಯೂ 2020ರಲ್ಲಿ ನಿಶ್ಚಿತವಾದ ಲಾಭವನ್ನು ತೋರಿಸಲಿಲ್ಲ. ಆದುದರಿಂದ ಕಾಲಿನ ಜೀವಕ್ಕೇ ಅಪಾಯವಿರುವಂತಹ ಕೆಲವರಿಗೆ ಮಾತ್ರ ವೈದ್ಯರು ಈ ದಾರಿಯನ್ನು ಆರಿಸುತ್ತಾರೆ.

ಮೂರನೆಯದು, ಭಕ್ತರು ಫೋನಿನಲ್ಲಿ ತೋರಿಸಿದ ಹೊಸ ವಿಧಾನ. ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಇದರಲ್ಲಿ ತೊಡಗಿದ್ದಾರೆ. ನಾಳದೊಳಗಿನ ಗಾಜಿನ ತಂತುವಿನಿಂದ ಲೇಸರಿನ ಮಿಂಚನ್ನೂ ಅದರೊಂದಿಗೆ ಅಲ್ಟ್ರಾಸೌಂಡಿನ ಅಲೆಯನ್ನೂ ಹೆಪ್ಪಿನ ಮೇಲೆ ಒಟ್ಟಿಗೆ ಬೀಳಿಸಿದರೆ ಅಲ್ಲಿ ಅತಿಸೂಕ್ಷ್ಮವಾದ ಗುಳ್ಳೆಗಳು ಎದ್ದು ಒಡೆಯುತ್ತವೆ. ಹಾಗೆ ಒಡೆಯುವ ಬಲದಿಂದಲೇ ಹೆಪ್ಪು ಪುಡಿಯಾಗುವುದು. ಕೆಂಪು ರಕ್ತವು ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಲೇಸರಿನ ಶಕ್ತಿಯು ಹೆಪ್ಪಿಗೇ ಹೆಚ್ಚಾಗಿ ತಾಕುವುದು. ಒಂದೊಂದನ್ನೇ ಬಳಸಿದರೆ ಬೇಕಾಗುವುದಕ್ಕಿಂತ ಎರಡೂ ಕೂಡಿದಾಗ ಕಡಿಮೆ ಶಕ್ತಿ ಸಾಕು. ರಕ್ತಸ್ರಾವವನ್ನು ತರಬಲ್ಲ ಕರಗಿಸುವ ಔಷಧದ ಅಗತ್ಯವೂ ತಗ್ಗೀತು. ಇದು ಉತ್ತಮವಾದ ಆಲೋಚನೆ. ಆದರೆ ನಮ್ಮ ವೈದ್ಯನು ವಿವರಿಸಿದಂತೆ ಇದಿನ್ನೂ ಪ್ರಯೋಗಾಲಯದ ಕೆಲಸ. ರೋಗಿಯ ಮಂಚದವರೆಗೆ ಬಂದ ಚಿಕಿತ್ಸೆಯಲ್ಲ. "ಬುದ್ಧಿ, ಮುಂದೊಂದು ದಿನ ಇದು ಬಂದರೆ ಮೊದಲು ಕಲಿಯುವವನು ನಾನೇ. ಆದರೆ ಇವತ್ತು ತಮ್ಮ ಕಾಲಿಗೆ ಬೇಕಾದದ್ದು ದಿನಕ್ಕೆ ಎರಡು ಸಲ ಒಂದು ಗುಳಿಗೆ" ಎಂದನು.

ಹಜಾರದಲ್ಲಿ ಒಂದು ಬಗೆಯ ನಿರಾಶೆಯೇ ಮೂಡಿತೆನ್ನಬೇಕು. ಲಕ್ಷಗಟ್ಟಲೆ ವೆಚ್ಚಕ್ಕೆ ಸಿದ್ಧರಾಗಿ ಬಂದವರಿಗೆ ಗುಳಿಗೆಯ ಮಾತು ಹಗುರವಾಗಿ ಕಂಡಿತು. ಆದರೆ ಗುಳಿಗೆಯ ಕಥೆಯೂ ಸಾಮಾನ್ಯವಾದುದಲ್ಲ. 1930ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ರೈತರ ದನಗಳು ಮುಗ್ಗು ಹಿಡಿದ ಒಣಮೇವನ್ನು ತಿಂದು, ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. ರೈತನೊಬ್ಬನು ಸತ್ತ ಪಡ್ಡೆಯನ್ನೂ ಹೆಪ್ಪುಗಟ್ಟದ ರಕ್ತವನ್ನು ತುಂಬಿದ ಹಾಲಿನ ಕ್ಯಾನನ್ನೂ ಹೊತ್ತು ಅಲ್ಲಿಯ ವಿಶ್ವವಿದ್ಯಾನಿಲಯದ ಬಾಗಿಲಿಗೆ ಬಂದನು. ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರು ವರ್ಷಗಳ ಕಾಲ ಶ್ರಮಿಸಿ, ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಆ ಸಂಶೋಧನೆಯಿಂದ ಹುಟ್ಟಿದ ವಾರ್ಫರಿನ್ ಎಂಬ ವಸ್ತುವು ಮೊದಲು ಇಲಿಪಾಷಾಣವಾಗಿ, 1954ರಿಂದ ಮನುಷ್ಯರ ಔಷಧವಾಗಿ ಬಳಕೆಗೆ ಬಂದಿತು. ಮಠದ ಹಳೆಯ ವಿದ್ಯಾರ್ಥಿಗಳಾದ ನಿಮಗೆ ಇನ್ನೊಂದು ಸಂಗತಿಯು ಪ್ರಿಯವಾಗಬಹುದು. ಆ ಸಂಶೋಧನೆಗೆ ಹಣ ಒದಗಿಸಿದ್ದು ಆ ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿಗಳ ಪ್ರತಿಷ್ಠಾನ. ಔಷಧದ ಹೆಸರಿನ ಮೊದಲ ಅಕ್ಷರಗಳು ಆ ಪ್ರತಿಷ್ಠಾನದ ಹೆಸರಿನ ಅಕ್ಷರಗಳೇ. ಓದಿದ ಮನೆಯ ಋಣವನ್ನು ತೀರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ? ವಾರ್ಫರಿನ್ ಸೇವಿಸುವವರು ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಹಸಿರು ಸೊಪ್ಪನ್ನು ಒಂದು ದಿನ ಹೇರಳವಾಗಿ, ಇನ್ನೊಂದು ದಿನ ಏನೂ ಇಲ್ಲದಂತೆ ಉಣ್ಣದೆ ಒಂದೇ ಹದದಲ್ಲಿ ಉಣ್ಣಬೇಕು. ನಮಗೆ ಕೊಟ್ಟ ಹೊಸ ಬಗೆಯ ಗುಳಿಗೆಗೆ ಈ ತೊಡಕುಗಳಿಲ್ಲ. ಇವು ಯಾವುವೂ ಹೆಪ್ಪನ್ನು ತಾವಾಗಿ ಕರಗಿಸುವುದಿಲ್ಲ. ಅದು ಬೆಳೆಯದಂತೆ ತಡೆಯುತ್ತವೆ. ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡಿಕೊಳ್ಳುವುದು.

ಎಲ್ಲರೂ ಹೊರಟುಹೋದ ಮೇಲೆ ಆ ವೈದ್ಯನು ಕಾಗದವನ್ನು ಹಿಡಿದು ಒಂದೊಂದೇ ಪ್ರಶ್ನೆಯನ್ನು ಕೇಳಿ ಬರೆದುಕೊಂಡನು. ಕಾಲಿಗೆ ಏನಾದರೂ ಹಚ್ಚಿದಿರಾ ಎಂದು ಕೇಳಿದಾಗ, ಮರಿಯು ಐದು ರಾತ್ರಿ ಎಣ್ಣೆ ತಿಕ್ಕಿದ ಸಂಗತಿಯನ್ನು ಹೇಳಿದೆವು. ಅವನ ಲೇಖನಿಯು ನಿಂತಿತು.

"ಬುದ್ಧಿ, ಇನ್ನು ಯಾರೂ ಆ ಕಾಲನ್ನು ತಿಕ್ಕಕೂಡದು. ಹೆಪ್ಪಿರುವ ಕಾಲನ್ನು ನೀವಿದರೆ ತುಣುಕು ಕಳಚಿ ಮೇಲಕ್ಕೆ ಹೋಗಬಹುದು. ದೇವರು ದೊಡ್ಡವನು" ಎಂದನು.

ವಾಚಕರೇ, ಆ ಮಾತು ಕಿವಿಗೆ ಬಿದ್ದಾಗ ನಮಗೆ ನಮ್ಮ ಕಾಲಿನ ನೆನಪಾಗಲಿಲ್ಲ. 1994ರ ಮಳೆಗಾಲದ ನೆನಪಾಯಿತು. ಆಗ ನಮಗೆ ಇಪ್ಪತ್ತರ ಆಸುಪಾಸಿನ ವಯಸ್ಸು. ಹಿರಿಯ ಶ್ರೀಗಳ ಸೇವೆಯಲ್ಲಿದ್ದ ಮರಿ. ಗುರುಗಳು ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡರು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಮೂರು ವಾರಗಳ ಕಾಲ ಮಂಚದ ಮೇಲೆಯೇ ಮಲಗಿದ್ದರು. ಎರಡನೆಯ ವಾರದಲ್ಲಿ ಮೀನಖಂಡವು ಊದಿ ಹೊಳೆಯತೊಡಗಿತು. ನಾವು ಪ್ರತಿರಾತ್ರಿ ಎಣ್ಣೆಯನ್ನು ಬೆಚ್ಚಗೆ ಮಾಡಿ, ಪಾದದಿಂದ ಮೇಲಕ್ಕೆ ನೀವುತ್ತಿದ್ದೆವು. "ಹಗುರವಾಯಿತಪ್ಪಾ" ಎಂದು ಅವರು ಹೇಳಿದರೆ ನಮಗೆ ಅದೇ ದೊಡ್ಡ ಆಶೀರ್ವಾದ. ಒಂದು ಬೆಳಗಿನ ಜಾವ ಶಿವಪೂಜೆಗೆ ಅಣಿಮಾಡುತ್ತಿದ್ದಾಗ ಅವರು ಎದೆಯ ಮೇಲೆ ಕೈಯಿಟ್ಟುಕೊಂಡು, ಉಸಿರಿಗಾಗಿ ಎರಡು ಸಲ ಬಾಯಿ ತೆರೆದರು. ಅಷ್ಟೇ. ಅನಾಯಾಸವಾಗಿ ಲಿಂಗೈಕ್ಯರಾದರೆಂದು ಎಲ್ಲರೂ ಹೇಳಿದರು. ನಾವೂ ಹಾಗೆಯೇ ಹೇಳುತ್ತಾ ಬಂದಿದ್ದೇವೆ. ಪ್ರತಿವರ್ಷದ ಪುಣ್ಯಸ್ಮರಣೆಯ ಸಭೆಯಲ್ಲಿ, ಕೊನೆಯ ರಾತ್ರಿಯೂ ಗುರುಗಳ ಪಾದಸೇವೆಯ ಭಾಗ್ಯವು ತಮ್ಮದಾಯಿತೆಂದು ನಾವು ಹೇಳಿಕೊಳ್ಳುತ್ತಿದ್ದುದನ್ನು ನಿಮ್ಮಲ್ಲಿ ಅನೇಕರು ಕೇಳಿದ್ದೀರಿ.

ಇದನ್ನು ಆ ವೈದ್ಯನಿಗೆ ಹೇಳಿದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, ಮುರಿದ ತೊಡೆಯೊಂದಿಗೆ ಮೂರು ವಾರ ಮಲಗಿದ ವೃದ್ಧರಿಗೆ ಯಾರೂ ಕಾಲನ್ನು ಮುಟ್ಟದಿದ್ದರೂ ಹೀಗಾಗುವ ಸಂಭವವು ಹೆಚ್ಚೆಂದೂ, ಅಂದು ನಡೆದದ್ದು ಅದೇ ರೋಗವೆಂದು ಇಂದು ಯಾರೂ ಹೇಳಲಾರರೆಂದೂ ತಿಳಿಸಿದನು. ಅವನು ನಮ್ಮನ್ನು ಸಮಾಧಾನಪಡಿಸಲು ಸುಳ್ಳನ್ನು ಹೇಳಲಿಲ್ಲ. ನಾವೂ ಅದನ್ನು ಬಯಸಲಿಲ್ಲ. ನಾವು ಕಲಿಸಿದ ಹುಡುಗನಿಂದ ಆ ರಾತ್ರಿ ನಾವು ಕಲಿತೆವು. ಭಕ್ತಿಯು ಎಷ್ಟೇ ನಿರ್ಮಲವಾಗಿದ್ದರೂ ಅದು ಅರಿವಿನ ಸ್ಥಾನವನ್ನು ತುಂಬಲಾರದು. ಅರಿವೇ ಗುರುವೆಂದು ಪೀಠದ ಮೇಲೆ ಕುಳಿತು ಬೋಧಿಸುವ ನಾವು, ಊದಿದ ಕಾಲೊಂದರ ಮುಂದೆ ಆ ಮಾತನ್ನು ಮರೆತಿದ್ದೆವು. ಅದೂ ಎರಡು ಸಲ.

ಮಠಕ್ಕೆ ಹಿಂದಿರುಗಿದ ರಾತ್ರಿ ಮರಿಯು ಎಂದಿನಂತೆ ಎಣ್ಣೆಯ ಬಟ್ಟಲನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದನು. ಬೇಡವೆಂದಷ್ಟೇ ಹೇಳಿ ಕಳುಹಿಸಬಹುದಾಗಿತ್ತು. ಹಾಗೆ ಮಾಡಿದ್ದರೆ ಮುಂದೆ ಅವನು ಇನ್ನೊಬ್ಬರ ಕಾಲನ್ನು ತಿಕ್ಕುತ್ತಿದ್ದನು. ಆದುದರಿಂದ ಅವನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಎಲ್ಲವನ್ನೂ ಹೇಳಿದೆವು. ಹಿರಿಯ ಶ್ರೀಗಳ ಕಥೆಯನ್ನೂ ಹೇಳಿದೆವು. ಅವನ ಕಣ್ಣಲ್ಲಿ ನೀರು ಬಂದಿತು. "ನಾನು ತಪ್ಪು ಮಾಡಿದೆನೇ, ಬುದ್ಧಿ?" ಎಂದನು. "ನೀನು ಮಾಡಿದ್ದು ಸೇವೆ. ತಿಳಿದ ಮೇಲೂ ಮಾಡಿದರೆ ಅದು ತಪ್ಪಾಗುವುದು" ಎಂದೆವು. ಅವನಿಗೆ ಹೇಳಿದ ಈ ಮಾತನ್ನು ನಮಗೆ ನಾವೇ ಹೇಳಿಕೊಳ್ಳುವುದು ಅಷ್ಟು ಸುಲಭವಾಗಿಲ್ಲ.

ಮೂರು ತಿಂಗಳ ಅನಂತರ ಅದೇ ಇಂದಿರಾನಗರದ ಮಂಚದ ಮೇಲೆ ಮತ್ತೆ ಮಲಗಿದೆವು. ಎಡಗಾಲಿನಲ್ಲಿ ಗಾಳಿಯ ಶಬ್ದವು ಕ್ಷೀಣವಾಗಿಯಾದರೂ ಕೇಳಿಸಿತು. ನಾಳವು ಬಹುಮಟ್ಟಿಗೆ ತೆರೆದಿದ್ದಿತು. ಇಂದು ಸಂಜೆಗೆ ಸ್ವಲ್ಪ ಬಾವು ಬರುವುದನ್ನು ಬಿಟ್ಟರೆ ಬೇರೆ ತೊಂದರೆಯಿಲ್ಲ. ಪ್ರಯಾಣದಲ್ಲಿ ಗಂಟೆ ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುತ್ತೇವೆ. ನಮ್ಮನ್ನು ಕಾಯುತ್ತಾ ಕುಳಿತ ಸಭೆಗಳು ಈ ವಿಳಂಬವನ್ನು ಕ್ಷಮಿಸಬೇಕು.

ಕೊನೆಯಲ್ಲಿ ನಿಮ್ಮಲ್ಲಿ ಕೆಲವು ವಿಜ್ಞಾಪನೆಗಳು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯತೊಡಗಿದರೆ, ಅದರಲ್ಲಿಯೂ ಮೂಳೆ ಮುರಿತ, ಶಸ್ತ್ರಚಿಕಿತ್ಸೆ, ಹೆರಿಗೆ, ದೀರ್ಘ ಪ್ರಯಾಣ ಅಥವಾ ಹಾಸಿಗೆ ಹಿಡಿದ ಕಾಯಿಲೆಯ ಅನಂತರ ಹೀಗಾದರೆ, ಅದನ್ನು ತಿಕ್ಕಬೇಡಿ, ನೀವಬೇಡಿ. ಅಂದೇ ವೈದ್ಯರಲ್ಲಿಗೆ ಹೋಗಿ ಅಲ್ಟ್ರಾಸೌಂಡ್ ಪರೀಕ್ಷೆಯ ವಿಷಯವನ್ನು ಕೇಳಿರಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಅಥವಾ ತಲೆ ತಿರುಗಿ ಬಿದ್ದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಧಾವಿಸಿರಿ. ಕೊಟ್ಟ ಗುಳಿಗೆಯನ್ನು ಬಾವು ಇಳಿಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಲೇಸರ್ ಎಂಬ ಮಾತು ಕೇಳಿದೊಡನೆ ಮರುಳಾಗಬೇಡಿ. ಅದು ಯಾವ ರೋಗಕ್ಕೆ, ಯಾರಿಗೆ, ಏನನ್ನು ಮಾಡುವುದೆಂದು ಕೇಳಿ ತಿಳಿಯಿರಿ.

ಮಠದ ಪ್ರಸಾದವನ್ನುಂಡು ವೈದ್ಯರಾದ ಹಳೆಯ ವಿದ್ಯಾರ್ಥಿಗಳಲ್ಲಿ ಇನ್ನೊಂದು ಮಾತು. ಚಿತ್ರದುರ್ಗದ ಮುರುಘಾಮಠದ ಶ್ರೀ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತ ಹೃದ್ರೋಗ ಸಂಸ್ಥೆಯು ಬೆಂಗಳೂರಿನಲ್ಲಿ ಎಷ್ಟು ಬಡವರ ಎದೆಯ ನೋವನ್ನು ಕಳೆದಿದೆಯೆಂಬುದನ್ನು ನೀವು ಬಲ್ಲಿರಿ. ಅಷ್ಟು ದೊಡ್ಡದನ್ನು ನಾವು ಕೇಳುತ್ತಿಲ್ಲ. ವರ್ಷಕ್ಕೊಮ್ಮೆ ಗುರುಗಳ ಪುಣ್ಯಸ್ಮರಣೆಯ ದಿನ ಮಠಕ್ಕೆ ಬರುವಾಗ, ಹಾಸಿಗೆ ಹಿಡಿದ ಹಿರಿಯರಿರುವ ಸುತ್ತಲಿನ ಹಳ್ಳಿಯ ಮನೆಗಳಿಗೆ ಒಮ್ಮೆ ಹೋಗಿ, ಆರೈಕೆಯಲ್ಲಿರುವ ಮಕ್ಕಳಿಗೂ ಸೊಸೆಯರಿಗೂ ಇಷ್ಟನ್ನು ತಿಳಿಸಿ ಬನ್ನಿರಿ. ಈ ವರ್ಷದ ಸ್ಮರಣೆಯ ಸಭೆಯಲ್ಲಿ ನಾವು ಪಾದಸೇವೆಯ ಭಾಗ್ಯದ ಮಾತನ್ನು ಆಡುವುದಿಲ್ಲ. ಅದರ ಬದಲಾಗಿ ಈ ಲೇಖನದಲ್ಲಿ ಬರೆದುದನ್ನೇ ಗುರುಗಳ ಗದ್ದುಗೆಯ ಮುಂದೆ ನಿಂತು ಹೇಳುವೆವು.

ಸರ್ವರಿಗೂ ಸನ್ಮಂಗಳವಾಗಲಿ.